ಅಂಗಳಕ್ಕೆ ಬರುವ ಕಾಡು ಟರ್ಕಿ: ಕಾಳು ಎರಚದೆ ಒಡನಾಡುವ ಬಗೆ

ಪಶ್ಚಿಮ ಮ್ಯಾಸಚೂಸೆಟ್ಸ್‌ನ ನಮ್ಮ ಹಳ್ಳಿಮನೆಗೆ ಅಮ್ಮ ತಿಪಟೂರಿನಿಂದ ಬಂದ ಮೊದಲ ವರ್ಷ, ಮಾರ್ಚ್ ಕೊನೆಯ ಒಂದು ಬೆಳಿಗ್ಗೆ, ಅಂಗಳದಂಚಿನಲ್ಲಿ ಮೂರು ಕಾಡು ಟರ್ಕಿಗಳು ತರಗೆಲೆ ಕೆದಕುತ್ತ ನಿಂತಿದ್ದವು. ಊರಿನಲ್ಲಿ ದಿನವೂ ಗುಬ್ಬಿಗೂ ಅಳಿಲಿಗೂ ನುಚ್ಚು ಚೆಲ್ಲಿ ರೂಢಿಯಿದ್ದ ಅಮ್ಮ, "ನವಿಲಿನ ದಾಯಾದಿ ಇದ್ದಂಗಿದೆ ಕಣೋ" ಎನ್ನುತ್ತ ಮೆಟ್ಟಿಲ ಮೇಲಿನಿಂದಲೇ ಒಂದು ಬೊಗಸೆ ಅಕ್ಕಿನುಚ್ಚು ಎರಚಿದರು. ದಾಯಾದಿ ಎಂಬ ಮಾತು ಸರಿಯಾಗಿಯೇ ಇತ್ತು; ಟರ್ಕಿ, ನವಿಲು, ನಮ್ಮ ಕಾಡುಕೋಳಿ ಎಲ್ಲವೂ ಒಂದೇ ಕುಟುಂಬಕ್ಕೆ ಸೇರಿದ ಹಕ್ಕಿಗಳು. ತಪ್ಪಿದ್ದು ನುಚ್ಚಿನಲ್ಲಿ. ಎರಡು ವಾರ ಕಳೆಯುವಷ್ಟರಲ್ಲಿ ಮೂರು ಹಕ್ಕಿ ಹನ್ನೊಂದಾದವು, ಬೆಳಕು ಹರಿಯುವ ಮೊದಲೇ ಮೆಟ್ಟಿಲ ಬುಡದಲ್ಲಿ ಕಾಯತೊಡಗಿದವು, ಮತ್ತು ಅವುಗಳಲ್ಲೊಂದು ಹುಂಜ ಕಾರಿನ ಬಾಗಿಲಿನಲ್ಲಿ ಕಂಡ ತನ್ನದೇ ನೆರಳನ್ನು ಕುಕ್ಕಿ ಕುಕ್ಕಿ ಬಣ್ಣ ಕಿತ್ತು, ಅಂಚೆ ತರುವವರನ್ನು ಗಾಡಿಯಿಂದ ಇಳಿಯಗೊಡದಷ್ಟು ಯಜಮಾನಿಕೆಗೆ ಇಳಿಯಿತು.

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಊರಾಚೆ ಮನೆ ಮಾಡಿರುವ ಕನ್ನಡಿಗರಿಗೂ, ಆರು ತಿಂಗಳ ಮಟ್ಟಿಗೆ ಬಂದು ಹೋಗುವ ಅವರ ತಂದೆತಾಯಿಯರಿಗೂ ಈ ಬರಹ ಉಪಯೋಗಕ್ಕೆ ಬರಬಹುದು. ಟರ್ಕಿಯನ್ನು ಓಡಿಸುವುದೂ ಇದರ ಉದ್ದೇಶವಲ್ಲ, ಒಲಿಸಿಕೊಳ್ಳುವುದೂ ಅಲ್ಲ. ಅದು ನಮಗೆ ಸ್ವಲ್ಪ ಹೆದರಿಕೊಂಡೇ ಇರುವಂತೆ, ನಾವು ಅದನ್ನು ಚೆನ್ನಾಗಿ ನೋಡುವಂತೆ ಬದುಕುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಹೆದರಿಕೆಯ ಮಾತನ್ನು ಮೊದಲೇ ಎತ್ತಿದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಕಾಡು ಕಡಿದು ಹೊಲ ಮಾಡಿದ್ದರಿಂದಲೂ ಲಗಾಮಿಲ್ಲದ ಬೇಟೆಯಿಂದಲೂ ಮ್ಯಾಸಚೂಸೆಟ್ಸ್‌ನಲ್ಲಿ ಕಾಡು ಟರ್ಕಿ 1851ರ ಹೊತ್ತಿಗೆ ನಿರ್ನಾಮವಾಗಿತ್ತು. 20ನೇ ಶತಮಾನದಲ್ಲಿ ಸಾಕಿ ಬೆಳೆಸಿದ ಹಕ್ಕಿಗಳನ್ನು ಕಾಡಿಗೆ ಬಿಡುವ ಪ್ರಯತ್ನಗಳು ಮತ್ತೆ ಮತ್ತೆ ನಡೆದು ಮತ್ತೆ ಮತ್ತೆ ಸೋತವು, ಏಕೆಂದರೆ ಮನುಷ್ಯನ ಕೈಯಿಂದ ಕಾಳು ತಿಂದು ಬೆಳೆದ ಹಕ್ಕಿಗೆ ಮರ ಹತ್ತಿ ಮಲಗಬೇಕೆಂಬುದಾಗಲಿ ನರಿ ಬಂದಾಗ ಓಡಬೇಕೆಂಬುದಾಗಲಿ ತಾಯಿಯಿಂದ ಕಲಿತು ಬಂದಿರಲಿಲ್ಲ. ಕೊನೆಗೆ ನ್ಯೂಯಾರ್ಕ್ ರಾಜ್ಯದ ಕಾಡಿನಲ್ಲೇ ಹುಟ್ಟಿ ಬೆಳೆದ 37 ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು 1972 ಮತ್ತು 1973ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸ್‌ನ ಬರ್ಕ್‌ಶೈರ್ ಬೆಟ್ಟಗಳಲ್ಲಿ ಬಿಟ್ಟ ಮೇಲೆಯೇ ಸಂತತಿ ಹಿಡಿಯಿತು. ಈ ರಾಜ್ಯದ ಅಂಗಳಗಳಲ್ಲಿ ಇಂದು ಕಾಣುವ ಹಿಂಡು ಆ ಅಂಜುಬುರುಕರ ವಂಶದ್ದು.

ಮೊದಲು ಮನೆಯ ಸುತ್ತಲಿನ ನಕ್ಷೆ

ಒಂದು ದೊಡ್ಡ ಹಾಳೆಯಲ್ಲಿ ಮನೆ, ರಸ್ತೆ, ದೊಡ್ಡ ಮರಗಳು, ನೀರು ಹರಿಯುವ ಜಾಗ, ಹುಲ್ಲು ಕತ್ತರಿಸುವ ಭಾಗ ಮತ್ತು ಕತ್ತರಿಸದೆ ಬಿಟ್ಟ ಭಾಗ ಇಷ್ಟನ್ನು ಬರೆದುಕೊಳ್ಳಿ. ನಂತರ ಒಂದು ವಾರ ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ಎದ್ದು, ಒಂದೇ ಕಿಟಕಿಯ ಹಿಂದೆ, ದೀಪ ಹಾಕದೆ ಕುಳಿತುಕೊಳ್ಳಿ. ಟರ್ಕಿ ಹಗಲೆಲ್ಲ ನೆಲದ ಮೇಲೆ ಓಡಾಡಿದರೂ ರಾತ್ರಿ ಮಲಗುವುದು ಮರದ ಮೇಲೆ. ಬಿಳಿ ಪೈನ್, ಓಕ್ ಮುಂತಾದ ಎತ್ತರದ ಮರಗಳ ಅಡ್ಡಕೊಂಬೆಗಳು ಅದಕ್ಕೆ ಇಷ್ಟ. ನಸುಕಿನಲ್ಲಿ ಮೊದಲು ಮೆಲ್ಲಗೆ ಕೀರಲು ದನಿ, ಆಮೇಲೆ ಯಾರೋ ಕಂಬಳಿ ಕೊಡವಿದಂತೆ ರೆಕ್ಕೆ ಬಡಿತ, ಒಂದರ ಹಿಂದೊಂದು ದೊಪ್ಪನೆ ನೆಲಕ್ಕೆ ಇಳಿಯುವ ಸದ್ದು. ಆ ಸದ್ದು ಬಂದ ದಿಕ್ಕನ್ನು ನಕ್ಷೆಯಲ್ಲಿ ಗುರುತು ಮಾಡಿ, ಹಗಲು ಹೋಗಿ ನೋಡಿದರೆ ಮರದ ಬುಡದಲ್ಲಿ ಹಿಕ್ಕೆಯ ರಾಶಿ ಸಾಕ್ಷಿ ಹೇಳುತ್ತದೆ. ಮುಸ್ಸಂಜೆಯಲ್ಲಿ ಮಾತ್ರ ಆ ಮರದ ಕೆಳಗೆ ಹೋಗಬೇಡಿ. ಮಲಗುವ ಹೊತ್ತಿಗೆ ಪದೇ ಪದೇ ತೊಂದರೆಯಾದರೆ ಹಿಂಡು ಜಾಗ ಬಿಡುತ್ತದೆ.

ತಂಗುವ ಮರ ಗೊತ್ತಾದ ಮೇಲೆ ಇನ್ನು ಮೂರು ಗುರುತು ಬೇಕು: ಮೇಯುವ ಜಾಗ, ಅವು ದಿನವೂ ಹಿಡಿಯುವ ದಾರಿ, ಮತ್ತು ಮಣ್ಣುಸ್ನಾನದ ಗುಂಡಿ. ಕೊನೆಯದು ಬಿಸಿಲು ಬೀಳುವ ಒಣನೆಲದಲ್ಲಿ, ಎಷ್ಟೋ ಸಲ ಹಳೆಯ ಇರುವೆಗೂಡಿನ ಮೇಲೆಯೇ, ಒಂದು ಅಗಲವಾದ ಬೋಗುಣಿಯಷ್ಟು ತಗ್ಗಾಗಿರುತ್ತದೆ. ಊರಿನ ಕೋಳಿ ಮಣ್ಣಿನಲ್ಲಿ ಹೊರಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಕ್ಕಿ ಹೋದ ಮೇಲೆ ಉಳಿದದ್ದನ್ನು ಓದುವುದು

ಹಕ್ಕಿಯನ್ನು ಹಿಂಬಾಲಿಸುವುದಕ್ಕಿಂತ ಅದು ಬಿಟ್ಟುಹೋದದ್ದನ್ನು ಓದುವುದು ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅನುಭವ.

ಹೆಜ್ಜೆಯಿಂದ ಆರಂಭಿಸಿ. ಮುಂದಕ್ಕೆ ಚಾಚಿದ ಮೂರು ಬೆರಳು, ಸುಮಾರು 10 ಸೆಂಟಿಮೀಟರ್ ಉದ್ದ. ಈ ಅಳತೆಯ ಮೂರು ಬೆರಳಿನ ಹೆಜ್ಜೆ ಇಲ್ಲಿನ ಒಣ ಕಾಡಿನಲ್ಲಿ ಬೇರೆ ಹಕ್ಕಿಯದಾಗಿರುವುದು ಅಪರೂಪ. ಹಗುರ ಹಿಮದ ಮೇಲೋ ನುಣ್ಣನೆಯ ದೂಳಿನ ಮೇಲೋ ಹೆಜ್ಜೆಯ ಸಾಲಿನ ಎರಡೂ ಬದಿಗೆ ಬಾಚಣಿಗೆ ಎಳೆದಂತೆ ಗೀರುಗಳಿದ್ದರೆ, ಹುಂಜ ಅಲ್ಲಿ ಬಾಲ ಬಿಚ್ಚಿ, ರೆಕ್ಕೆ ಇಳಿಬಿಟ್ಟು, ನೆಲಕ್ಕೆ ಗರಿ ತಾಗಿಸುತ್ತ ಮೆರೆದಾಡಿದೆ ಎಂದು ತಿಳಿಯಿರಿ.

ತರಗೆಲೆಯ ಮೇಲಿನ ಕೆದಕು ಇನ್ನೊಂದು ಪಾಠ. ಅಳಿಲು ಚಿಕ್ಕ ಗುಳಿ ತೋಡಿ ಬಿಡುತ್ತದೆ. ಟರ್ಕಿ ಕಾಲಿನಿಂದ ಎಲೆಯನ್ನು ಹಿಂದಕ್ಕೆ ಒದೆಯುವುದರಿಂದ ಬರಿನೆಲ ತ್ರಿಕೋನಾಕಾರವಾಗಿ ತೆರೆದುಕೊಂಡು, ಎಲೆಯೆಲ್ಲ ಒಂದು ಬದಿಗೆ ಗುಡ್ಡೆ ಬಿದ್ದಿರುತ್ತದೆ. ಗುಡ್ಡೆ ಯಾವ ಕಡೆಗಿದೆಯೋ ಅದಕ್ಕೆ ಎದುರು ದಿಕ್ಕಿಗೆ ಹಿಂಡು ಸಾಗಿತ್ತೆಂದು ಲೆಕ್ಕ. ತೆರೆದ ಮಣ್ಣು ಇನ್ನೂ ತೇವವಾಗಿ ಕಪ್ಪಗಿದ್ದರೆ ಅವು ಹೋಗಿ ಹೆಚ್ಚು ಹೊತ್ತಾಗಿಲ್ಲ.

ಹಿಕ್ಕೆಯ ವಿಷಯ ಬರೆಯಲು ಸಂಕೋಚವಾದರೂ, ಗಂಡು ಹೆಣ್ಣು ತಿಳಿಯಲು ಅಷ್ಟು ಸುಲಭದ ಗುರುತು ಇನ್ನೊಂದಿಲ್ಲ. ಹುಂಜದ್ದು ಉದ್ದವಾಗಿದ್ದು ಒಂದು ತುದಿಯಲ್ಲಿ ಊರುಗೋಲಿನ ಹಿಡಿಯಂತೆ ಬಾಗಿರುತ್ತದೆ, ಹೇಟೆಯದು ಸುರುಳಿ ಸುತ್ತಿದ ಚಿಕ್ಕ ಉಂಡೆ. ಎದೆಯ ಗರಿ ಸಿಕ್ಕರೆ ಅದರ ತುದಿ ನೋಡಿ: ಕತ್ತರಿಸಿದಂತೆ ನೇರವಾದ ಕಪ್ಪು ಅಂಚಿದ್ದರೆ ಹುಂಜ, ತಿಳಿಗಂದು ಅಂಚಿದ್ದರೆ ಹೇಟೆ. ಗರಿ ಎತ್ತಿಕೊಳ್ಳುವ ಮುಂಚೆ ಕಾನೂನಿನ ಒಂದು ಮಾತು ನೆನಪಿರಲಿ. 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯಿದೆಯ ಪ್ರಕಾರ ಇಲ್ಲಿನ ಬಹುತೇಕ ನಾಡಹಕ್ಕಿಗಳ ಉದುರಿದ ಗರಿಯನ್ನೂ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಟರ್ಕಿ ವಲಸೆ ಹೋಗದ ಬೇಟೆಹಕ್ಕಿಯಾದ್ದರಿಂದ ಆ ಕಾಯಿದೆಯ ಪಟ್ಟಿಯಲ್ಲಿಲ್ಲ. ಆದರೂ ನಿಮ್ಮ ರಾಜ್ಯದ ನಿಯಮವನ್ನು ಒಮ್ಮೆ ನೋಡಿಕೊಳ್ಳಿ. ನವಿಲುಗರಿ ಆರಿಸಿ ಪುಸ್ತಕದಲ್ಲಿಟ್ಟು ಬೆಳೆದ ನಮ್ಮ ಮಕ್ಕಳಿಗೆ ನೀಲಿ ಜೇ ಹಕ್ಕಿಯ ಗರಿ ಮುಟ್ಟಬಾರದೆಂದು ಹೇಳುವುದು ಕಷ್ಟದ ಕೆಲಸ.

ಯಾರು ಯಾರೆಂದು ಗುರುತಿಸುವುದು

ದೂರದಿಂದ ಎಲ್ಲವೂ ಕಂದು ಮೂಟೆಗಳಂತೆ ಕಾಣುತ್ತವೆ. ದೂರದರ್ಶಕ ಹಿಡಿದು ಮೊದಲು ತಲೆ ನೋಡಿ. ಹೇಟೆಯ ತಲೆ ಬೂದುನೀಲಿ, ತೆಳುವಾಗಿ ಗರಿ ಹೊದ್ದದ್ದು. ಮೈ ಮಾಸಲು ಕಂದು. ತೂಕ 4ರಿಂದ 5 ಕಿಲೋ. ಹುಂಜದ ತಲೆ ಬೋಳು, ಮೈ ಕಪ್ಪಾಗಿ ಕಂಡರೂ ಬಿಸಿಲು ಬಿದ್ದಾಗ ತಾಮ್ರ, ಕಂಚು, ಹಸಿರು ಮಿನುಗುತ್ತದೆ. ತೂಕ ಸಾಮಾನ್ಯವಾಗಿ 7 ಕಿಲೋ ದಾಟಿ ಕೆಲವೊಮ್ಮೆ 10ರ ಆಸುಪಾಸಿಗೆ ಹೋಗುತ್ತದೆ. ಎದೆಯ ಮಧ್ಯದಿಂದ ಕುದುರೆಕೂದಲ ಕುಚ್ಚಿನಂತೆ ತೂಗುವುದು ಗಡ್ಡ. ಅದು ಕೂದಲಲ್ಲ, ಮಾರ್ಪಟ್ಟ ಗರಿ. ಗಡ್ಡ ಕಂಡೊಡನೆ ಹುಂಜವೆಂದು ಬರೆದುಕೊಳ್ಳಬೇಡಿ, ಕೆಲವು ಹೇಟೆಗಳಿಗೂ ಗಡ್ಡ ಇರುತ್ತದೆ; ತಲೆ ಮತ್ತು ಎದೆಗರಿಯ ಅಂಚು ಎರಡನ್ನೂ ನೋಡಿ ತೀರ್ಮಾನಿಸಿ. ಕಳೆದ ವರ್ಷ ಹುಟ್ಟಿದ ಎಳೆ ಹುಂಜವನ್ನು ಇಲ್ಲಿನವರು ಜೇಕ್ ಎನ್ನುತ್ತಾರೆ. ಅದು ಬಾಲ ಬಿಚ್ಚಿದಾಗ ನಡುವಿನ ಕೆಲವು ಗರಿಗಳು ಉಳಿದವುಗಳಿಗಿಂತ ಉದ್ದವಾಗಿ, ಬೀಸಣಿಗೆಯ ಅಂಚು ಮಧ್ಯದಲ್ಲಿ ಮೇಲೆದ್ದಿರುತ್ತದೆ. ಬಲಿತ ಹುಂಜದ ಬೀಸಣಿಗೆಯ ಅಂಚು ಒಂದೇ ಸಮ.

ಹುಂಜದ ತಲೆಯ ಬಣ್ಣ ಅದರ ಮನಸ್ಸಿನ ಸ್ಥಿತಿಯೊಂದಿಗೆ ಬದಲಾಗುತ್ತದೆ. ಕೆಂಪು, ಬಿಳಿ, ನೀಲಿ ಮೂರೂ ನಿಮಿಷಗಳಲ್ಲಿ ಬಂದು ಹೋಗುತ್ತವೆ, ಕೊಕ್ಕಿನ ಮೇಲಿನ ಜೋಲು ಮಾಂಸ ಒಮ್ಮೆ ಬೆರಳಷ್ಟು ಚಿಕ್ಕದಾಗಿ ನಿಮಿರಿ, ಇನ್ನೊಮ್ಮೆ ಕೊಕ್ಕನ್ನೂ ದಾಟಿ ಇಳಿಬೀಳುತ್ತದೆ. ಇದನ್ನು ಬೆರಗಿನಿಂದ ಬರೆದಿಟ್ಟವರಲ್ಲಿ ಮೊಗಲ್ ಬಾದಶಹ ಜಹಾಂಗೀರನೂ ಒಬ್ಬ. 1612ರಲ್ಲಿ ಪೋರ್ಚುಗೀಸರ ಗೋವೆಯಿಂದ, ಎಂದರೆ ನಮ್ಮ ಕಾರವಾರದ ಪಕ್ಕದಿಂದಲೇ, ಅವನ ಆಸ್ಥಾನಕ್ಕೆ ಒಂದು ಟರ್ಕಿ ಹೋಗಿತ್ತು. ಅದರ ತಲೆ ಹವಳದಂತೆ ಕೆಂಪಾಗಿ, ಹತ್ತಿಯಂತೆ ಬಿಳಿಯಾಗಿ, ಓತಿಕೇತನಂತೆ ಬಣ್ಣ ಬದಲಿಸುತ್ತದೆಂದು ಅವನು ದಾಖಲಿಸಿದ, ಅದರ ಚಿತ್ರವನ್ನೂ ಬರೆಯಿಸಿದ. ಅಮ್ಮನಂತೆ ಅವನಿಗೂ ಮೊದಲು ನೆನಪಾದದ್ದು ನವಿಲು.

ಹಕ್ಕಿ ಯಜಮಾನಿಕೆಗೆ ಇಳಿದಾಗ

ಟರ್ಕಿಗಳ ಹಿಂಡಿನಲ್ಲಿ ಮೇಲುಕೀಳಿನ ಸಾಲು ಬಹಳ ಗಟ್ಟಿ. ಮನುಷ್ಯರ ಕೈಯ ಕಾಳಿಗೆ ಒಗ್ಗಿಕೊಂಡ ಹಕ್ಕಿ ನಮ್ಮನ್ನೂ ಆ ಸಾಲಿಗೆ ಸೇರಿಸಿಕೊಳ್ಳುತ್ತದೆ, ಮತ್ತು ಹಿಂಜರಿದು ಪಕ್ಕಕ್ಕೆ ಸರಿದವರನ್ನು ತನಗಿಂತ ಕೆಳಗಿನವರೆಂದು ಎಣಿಸುತ್ತದೆ. ಜೋಡಿಗೂಡುವ ಕಾಲವಾದ ಮಾರ್ಚ್‌ನಿಂದ ಮೇವರೆಗೆ ಇದು ಹೆಚ್ಚು. ಪರಿಹಾರ ಒಂದೇ ದಿನದ್ದಲ್ಲ, ನಾಲ್ಕೂ ಕೆಲಸ ಒಟ್ಟಿಗೆ ನಡೆಯಬೇಕು.

ಮೊದಲನೆಯದು ಆಹಾರ ನಿಲ್ಲಿಸುವುದು. ಕಾಳು ಎರಚುವುದು ಮಾತ್ರವಲ್ಲ, ಚಿಕ್ಕ ಹಕ್ಕಿಗಳಿಗೆಂದು ತೂಗುಹಾಕಿದ ಡಬ್ಬಿಯಿಂದ ಉದುರಿದ ಸೂರ್ಯಕಾಂತಿ ಬೀಜವೂ, ನಾಯಿಯ ತಟ್ಟೆಯಲ್ಲಿ ಉಳಿದದ್ದೂ, ದೇವರ ಪೂಜೆಯ ಮೇಲೆ ಹೊರಗೆ ಹಾಕಿದ ಅಕ್ಷತೆಯೂ ಆಹಾರವೇ. ಮನೆಯ ಎಲ್ಲರೂ, ಅಕ್ಕಪಕ್ಕದವರೂ ಒಪ್ಪದಿದ್ದರೆ ಇದು ಫಲಿಸುವುದಿಲ್ಲ. ನಾವು ನಿಲ್ಲಿಸಿದ ಮೇಲೂ ಹಿಂಡು ಮೊದಲ ವಾರ ದಿನವೂ ಬಂದು ಬಾಗಿಲು ನೋಡಿತು.

ಎರಡನೆಯದು ಪ್ರತಿಬಿಂಬ ಮುಚ್ಚುವುದು. ಕಾರಿನ ಬಾಗಿಲು, ನೆಲಮಟ್ಟದ ಕಿಟಕಿ, ಹೊಳೆಯುವ ಒಲೆಕೊಳವೆ ಎಲ್ಲದರಲ್ಲೂ ಹುಂಜಕ್ಕೆ ಕಾಣುವುದು ಎದುರಾಳಿ. ಹಳೆಯ ಹೊದಿಕೆಯನ್ನು ಕಾರಿಗೆ ಹೊದೆಸಿ, ಕಿಟಕಿಯ ಹೊರಬದಿಗೆ ಕಾಗದವನ್ನೋ ಸೋಪಿನ ನೀರನ್ನೋ ಹಚ್ಚಿ. ಒಳಗಿನ ಪರದೆ ಎಳೆದರೆ ಪ್ರತಿಬಿಂಬ ಹೋಗುವುದಿಲ್ಲ.

ಮೂರನೆಯದು, ಅದು ಬಂದಾಗಲೆಲ್ಲ ನೀವೇ ದೊಡ್ಡವರೆಂದು ತೋರಿಸುವುದು. ಬೆನ್ನು ತಿರುಗಿಸಿ ಓಡಬೇಡಿ. ಎದುರು ನಿಂತು ಕೈ ಮೇಲೆತ್ತಿ ಗದರಿಸಿ, ಪೊರಕೆ ಬೀಸಿ, ಗಿಡಕ್ಕೆ ನೀರು ಹಾಯಿಸುವ ಪೈಪಿನಿಂದ ನೀರು ಚಿಮ್ಮಿಸಿ. ನಮಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ಗುಂಡಿ ಒತ್ತಿದರೆ ಫಟ್ಟನೆ ಬಿಚ್ಚಿಕೊಳ್ಳುವ ಕಪ್ಪು ಕೊಡೆ. ಹುಂಜನ ಬೀಸಣಿಗೆಗಿಂತ ದೊಡ್ಡ ಬೀಸಣಿಗೆ ಎದುರಿಗೆ ಹಠಾತ್ತನೆ ಅರಳಿದಾಗ ಅದು ಎರಡು ಹೆಜ್ಜೆ ಹಿಂದೆ ಸರಿದು, ತಲೆಯ ಕೆಂಪೆಲ್ಲ ಇಳಿದು, ಬೇರೆ ಕೆಲಸ ನೆನಪಾದಂತೆ ಹೊರಟುಹೋಯಿತು. ನಾಯಿಯನ್ನು ಹಗ್ಗ ಬಿಚ್ಚಿ ಬಿಡಬೇಡಿ, ಕಲ್ಲು ಹೊಡೆಯಬೇಡಿ, ಮರಿಗಳೊಂದಿಗಿರುವ ಹೇಟೆಯ ಮೇಲೆ ಈ ಯಾವ ಉಪಾಯವನ್ನೂ ಹೂಡಬೇಡಿ. ಅದು ಮೈಯುಬ್ಬಿಸಿ ಬುಸುಗುಟ್ಟಿದರೆ ದಾರಿ ಬಿಡಬೇಕಾದವರು ನೀವು.

ನಾಲ್ಕನೆಯದು ತೋಟ ಕಾಯುವುದು. ಹೊಸದಾಗಿ ಬಿತ್ತಿದ ಪಾತಿಗೆ ಮೊಳಕೆ ಗಟ್ಟಿಯಾಗುವವರೆಗೆ ತಂತಿಬಲೆ ಹೊದೆಸಿದರೆ ಸಾಕು. ಜೋಳದ ತೆನೆ ಹಾಳಾದಾಗ ಹಗಲು ಕಣ್ಣಿಗೆ ಬೀಳುವ ಟರ್ಕಿಯ ಮೇಲೆ ಆರೋಪ ಬರುತ್ತದೆ, ಆದರೆ ರಾತ್ರಿ ಬಂದ ಜಿಂಕೆಯೋ ರಕೂನೋ ತೆನೆ ಕೆಡವಿ ಹೋಗಿ, ಟರ್ಕಿ ಬೆಳಿಗ್ಗೆ ಉದುರಿದ ಕಾಳನ್ನೂ ಹುಳುವನ್ನೂ ಹೆಕ್ಕಲು ಬಂದಿರುವುದೇ ಹೆಚ್ಚು. ಹೆಜ್ಜೆ ಓದಲು ಕಲಿತವರು ಈ ಮೊಕದ್ದಮೆಯನ್ನು ತಾವೇ ತೀರ್ಮಾನಿಸಬಹುದು.

ಹಿಡಿದು ಬೇರೆಡೆ ಬಿಡುವ ಯೋಚನೆ ಬೇಡ. ಸಾಮಾನ್ಯರು ಹಾಗೆ ಮಾಡುವುದು ಕಾನೂನಿಗೆ ವಿರುದ್ಧ, ಮತ್ತು ಬುದ್ಧಿ ಕೆಟ್ಟ ಹಕ್ಕಿ ಹೋದಲ್ಲಿಯೂ ಅದನ್ನೇ ಮಾಡುತ್ತದೆ. ಯಾರ ಮೇಲಾದರೂ ನಿಜವಾಗಿ ಎರಗಿದರೆ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಿ. ಅಂಥ ಹಕ್ಕಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದೂ ಉಂಟು, ಎಂದರೆ ನಾವು ಪ್ರೀತಿಯಿಂದ ಎರಚಿದ ನುಚ್ಚಿಗೆ ಅದು ತೆರುವ ಬೆಲೆ ಅದು. ನಮ್ಮ ಹುಂಜ ಸುಮಾರು ಮೂರು ವಾರದ ಕೊಡೆ ಮತ್ತು ನೀರಿನ ಶಿಕ್ಷಣದ ನಂತರ ಕಾಡಿನಂಚಿಗೆ ಮರಳಿತು.

ಕೈಯಿಂದ ಕೊಡದೆ ನೆಲದಿಂದ ಕೊಡುವುದು

ಉಣಿಸಬೇಕೆಂಬ ಆಸೆ ತಪ್ಪೇನಲ್ಲ, ಅದನ್ನು ಗುದ್ದಲಿಯ ಮೂಲಕ ತೀರಿಸಿಕೊಳ್ಳಿ. ಓಕ್ ಮರಗಳಿದ್ದರೆ ಕಡಿಯಬೇಡಿ. ಬಿಳಿ ಓಕ್‌ನ ಕಾಯಿ ಒಂದೇ ವರ್ಷದಲ್ಲಿ ಬಲಿಯುತ್ತದೆ, ಕೆಂಪು ಓಕ್‌ನದಕ್ಕೆ ಎರಡು ವರ್ಷ ಬೇಕು, ಆದ್ದರಿಂದ ಎರಡೂ ಜಾತಿಯಿದ್ದರೆ ಒಂದು ಕೈಕೊಟ್ಟ ವರ್ಷ ಇನ್ನೊಂದು ಕಾಪಾಡುತ್ತದೆ. ಹೊಸದಾಗಿ ನೆಡುವವರು ಕಾಡು ಸೇಬು, ಹಾಥಾರ್ನ್, ಸುಮ್ಯಾಕ್ ಪೊದೆಗಳನ್ನು ನೆಡಿ, ಏಕೆಂದರೆ ಅವುಗಳ ಹಣ್ಣು ಚಳಿಗಾಲದಲ್ಲೂ ಕೊಂಬೆಯ ಮೇಲೆ ಉಳಿದು, ನೆಲ ಹಿಮದಡಿ ಮುಚ್ಚಿಹೋದಾಗ ಹಕ್ಕಿಗೆ ಎಟಕುತ್ತದೆ. ಆಳವಾದ ಪುಡಿಹಿಮದಲ್ಲಿ ಟರ್ಕಿಗೆ ನಡೆಯಲಾಗುವುದಿಲ್ಲ. ಅಂಥ ದಿನಗಳಲ್ಲಿ ಅವು ಮರದ ಮೇಲೆಯೇ ಹಸಿದು ಕುಳಿತಿರುವುದನ್ನು ನೋಡಿ ಕರುಳು ಚುರ್ರೆಂದರೂ, ಹಲವು ದಿನ ಹಾಗೆಯೇ ತಡೆದುಕೊಳ್ಳುವ ಶಕ್ತಿ ಆ ದೇಹಕ್ಕಿದೆ.

ಇನ್ನು ಹುಲ್ಲು. ಹೇಟೆ ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ಪೊದೆಯ ಬುಡದಲ್ಲೋ ಎತ್ತರದ ಹುಲ್ಲಿನಲ್ಲೋ ನೆಲವನ್ನೇ ತುಸು ತಗ್ಗು ಮಾಡಿ, ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು 28 ದಿನ ಕಾವು ಕೂರುತ್ತದೆ. ಮರಿಗಳು ಹೊರಬಂದ ಮರುದಿನವೇ ತಾಯಿಯ ಹಿಂದೆ ನಡೆಯುತ್ತವೆ, ಆದರೆ ಹಾರಿ ಮರ ಸೇರಲು ಎರಡು ವಾರ ಬೇಕು. ಅಷ್ಟು ರಾತ್ರಿಗಳನ್ನು ಅವು ತಾಯಿಯ ರೆಕ್ಕೆಯಡಿ ನೆಲದ ಮೇಲೆಯೇ ಕಳೆಯುತ್ತವೆ. ಹಾಗಾಗಿ ಜಮೀನಿನ ಒಂದು ಭಾಗವನ್ನಾದರೂ ಜುಲೈ ನಡುವಿನವರೆಗೆ ಕತ್ತರಿಸದೆ ಬಿಡಿ. ಆ ಹುಲ್ಲಿನ ಮಿಡತೆ, ಹುಳುಗಳೇ ಮರಿಗಳ ಮೊದಲ ಊಟ. ಗೂಡು ಅಕಸ್ಮಾತ್ ಕಂಡರೆ ಫೋಟೊ ತೆಗೆಯಲು ನಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿ. ಕಾವಿನ ಮೊದಲ ದಿನಗಳಲ್ಲಿ ಬೆದರಿದ ಹೇಟೆ ಗೂಡನ್ನೇ ತೊರೆಯಬಹುದು.

ಅದೇ ಅಂಗಳದ ಉಳಿದವರು

ಎತ್ತರದ ಹುಲ್ಲು ಬಿಡಿ ಎಂದವನು ಉಣುಗಿನ ಬಗ್ಗೆಯೂ ಹೇಳಲೇಬೇಕು. ಇಲ್ಲಿನ ಕರಿಗಾಲಿನ ಉಣುಗು ಲೈಮ್ ಕಾಯಿಲೆಯನ್ನು ಹರಡುತ್ತದೆ. ನೆರೆಯ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಿಂದ ಅದಕ್ಕೆ ಆ ಹೆಸರು ಬಂತು. ಸೊರಬ, ಸಾಗರದ ಕಡೆಯವರಿಗೆ 1957ರಿಂದಲೂ ಮಂಗನ ಕಾಯಿಲೆಯ ಉಣುಗು ಗೊತ್ತು. ಅದು ವೈರಸ್ಸಿನಿಂದ ಬರುವುದು, ಇದು ಬ್ಯಾಕ್ಟೀರಿಯಾದಿಂದ, ಆದರೆ ಎಚ್ಚರಿಕೆಯ ಕ್ರಮದಲ್ಲಿ ಬಹಳ ವ್ಯತ್ಯಾಸವಿಲ್ಲ. ಎಳೆಯ ಉಣುಗು ಗಸಗಸೆ ಕಾಳಿನಷ್ಟೇ ಇರುವುದರಿಂದ ಹೊರಗಿನಿಂದ ಬಂದೊಡನೆ ಮಂಡಿಯ ಹಿಂಭಾಗ, ಕಂಕುಳು, ಸೊಂಟ, ಕಿವಿಯ ಹಿಂದೆ, ಕೂದಲ ಬುಡ ಬೆರಳಿನಿಂದ ತಡವಿ ನೋಡಿ. ತೊಟ್ಟ ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರಿನಲ್ಲಿ ಹೆಚ್ಚು ಬಿಸಿಯಲ್ಲಿ 10 ನಿಮಿಷ ತಿರುಗಿಸಿದರೆ ಅಂಟಿಕೊಂಡ ಉಣುಗುಗಳು ಸಾಯುತ್ತವೆ. ಕಚ್ಚಿ ಹಿಡಿದಿದ್ದರೆ ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಎಣ್ಣೆ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ನಂತರದ ವಾರಗಳಲ್ಲಿ ಜ್ವರವೋ ಹರಡುವ ಕೆಂಪು ಮಚ್ಚೆಯೋ ಕಂಡರೆ ವೈದ್ಯರಿಗೆ ತೋರಿಸಿ. ಟರ್ಕಿ ಉಣುಗನ್ನು ತಿನ್ನುತ್ತದೆ, ಹಾಗಾಗಿ ಹಿಂಡಿದ್ದರೆ ಭಯವಿಲ್ಲ ಎಂದು ಇಲ್ಲಿ ಹಲವರು ನಂಬುತ್ತಾರೆ. ತಿನ್ನುವುದು ನಿಜ, ಆದರೆ ಅದರಿಂದ ನಿಮ್ಮ ಕಾಲು ಉಳಿಯುತ್ತದೆಂದು ನಂಬಬೇಡಿ.

ಪಾಯಿಸನ್ ಐವಿ ಎಂಬ ಬಳ್ಳಿ ನಮ್ಮ ಗೇರು, ಮಾವುಗಳ ಕುಟುಂಬದ್ದು, ಗುಣದಲ್ಲಿ ಕರಿಗೇರಿನ ಸೊನೆಯ ತಂಗಿ. ಒಂದು ತೊಟ್ಟಿಗೆ ಮೂರು ಎಲೆ ಕಂಡರೆ ಮುಟ್ಟದಿರಿ, ಕಿತ್ತದ್ದನ್ನು ಸುಡದಿರಿ, ಹೊಗೆಯೂ ಸುಡುತ್ತದೆ. ಕಪ್ಪು ಕರಡಿಯ ಊರಾದರೆ ಚಿಕ್ಕ ಹಕ್ಕಿಗಳ ಬೀಜದ ಡಬ್ಬಿಯನ್ನು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಇಳಿಸಿಡಬೇಕು. ಬೇಟೆಯ ಕಾಲ ನಡೆಯುವ ವಸಂತದಲ್ಲಿ ಕೆಂಪು, ಬಿಳಿ, ನೀಲಿ ಬಟ್ಟೆ ತೊಟ್ಟು ಕಾಡಿಗೆ ಹೋಗಬೇಡಿ, ಅವು ಹುಂಜದ ತಲೆಯ ಬಣ್ಣಗಳು.

ಪುಸ್ತಕದಲ್ಲಿ ಬರೆಯುವುದು

ಕೊನೆಯ ಹೆಜ್ಜೆ, ಅಡುಗೆಮನೆಯ ಕಿಟಕಿಯ ಬಳಿ ದಾರ ಕಟ್ಟಿದ ಪೆನ್ನಿನೊಂದಿಗೆ ಒಂದು ನೋಟ್‌ಬುಕ್. ದಿನಾಂಕ, ಹೊತ್ತು, ಹುಂಜ ಎಷ್ಟು, ಹೇಟೆ ಎಷ್ಟು, ಮರಿ ಎಷ್ಟು, ಎಲ್ಲಿಂದ ಎಲ್ಲಿಗೆ ಹೋದವು, ಇಷ್ಟೇ ಸಾಕು. ಹಿಂಡು ಮೇಯುತ್ತಿರುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ರಸ್ತೆಯನ್ನೋ ಬೇಲಿಯ ಕಂಡಿಯನ್ನೋ ಸಾಲಾಗಿ ದಾಟುವಾಗ ಎಣಿಸಿ, ಕೊನೆಯದು ದಾಟಿತೆಂದುಕೊಂಡ ಮೇಲೂ ಎರಡು ನಿಮಿಷ ಕಾಯಿರಿ. ಬೇಸಿಗೆಯಲ್ಲಿ ಹೇಟೆಯೊಂದಕ್ಕೆ ಎಷ್ಟು ಮರಿ ಉಳಿದಿವೆ ಎಂಬ ಲೆಕ್ಕ ವನ್ಯಜೀವಿ ಇಲಾಖೆಗಳಿಗೂ ಬೇಕು. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಎರಡೂ ಸಾರ್ವಜನಿಕರಿಂದ ಈ ಎಣಿಕೆಯನ್ನು ಕೇಳಿ ಪಡೆಯುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ, ಹಕ್ಕಿ ಕಂಡವರು ಎಣಿಕೆ ದಾಖಲಿಸುವ ಜಾಲತಾಣ ಇಬರ್ಡ್‌ಗೂ ಅದೇ ಅಂಕಿಗಳನ್ನು ಸೇರಿಸಬಹುದು. ಮುಂದೆ ಊರಿಗೆ ಹೋದಾಗ ತೋಟದ ನವಿಲಿಗೂ ಅದೇ ಖಾತೆ ನಡೆಯುತ್ತದೆ.

ನಮ್ಮ ಮನೆಯ ಪುಸ್ತಕದಲ್ಲಿ ಬೇಸಿಗೆಯ ಹಾಳೆಗಳೆಲ್ಲ ಅಮ್ಮನ ಕೈಬರಹ. ಜುಲೈ ತಿಂಗಳ ಒಂದು ಸಾಲು ಹೀಗಿದೆ: "ಬೆಳಿಗ್ಗೆ 6-10. ಹೇಟೆ 1, ಮರಿ 7. ನಿನ್ನೆ 8 ಇತ್ತು. ಪೈನ್ ಮರದ ಕಡೆಯಿಂದ ಬಂದು ಹುಲ್ಲಿಗೆ ಹೋದವು. ಏನೂ ಹಾಕಿಲ್ಲ."